ಕಾಗೆ ಮುಟ್ಟಿದ ಶೇರು

ಕಾಗೆ ಬರಲಿಲ್ಲ. ಆ ದಿನದ ಗಲಾಟೆಗೆಲ್ಲ ಮೂಲ ಇಷ್ಟೇ.

ಕಾನಸೂರಿನ ಸುಬ್ರಾಯ ಹೆಗಡೆಯವರು ತೀರಿಕೊಂಡು ಅಂದಿಗೆ ಹತ್ತನೆಯ ದಿನ, ಶುಕ್ರವಾರ. ಮನೆಯ ಹಿಂದಿನ ಹಳ್ಳದ ದಂಡೆಯಲ್ಲಿ ಬಾಳೆಲೆಯ ಮೇಲೆ ಪಿಂಡ ಇಟ್ಟು ಒಂದೂವರೆ ತಾಸು ಕಳೆದಿತ್ತು. ಬೇರೆ ದಿನ ಒಣಗಿಸಿದ ಹಪ್ಪಳಕ್ಕೆ ನಾಲ್ಕು ಜನ ಕಾವಲಿದ್ದರೂ ಕೇಳದ ಕಾಗೆಗಳು ಅಂದು ಇಡೀ ಕೇರಿಯಲ್ಲಿ ಒಂದೂ ಇರಲಿಲ್ಲ. ಡಿಸೆಂಬರಿನ ಮಂಜು ಹತ್ತೂವರೆಯಾದರೂ ಹಳ್ಳದ ಮೇಲಿಂದ ಏಳದೆ ಬಿದ್ದುಕೊಂಡಿತ್ತು. ನೀರು ಹರಿಯುವ ಸದ್ದು ಕೂಡ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು.

ಕಾಗೆ ಮುಟ್ಟದೆ ಯಾರೂ ಊಟಕ್ಕೆ ಏಳುವಂತಿಲ್ಲ. ಮುಟ್ಟಲಿಲ್ಲವೆಂದರೆ ಸತ್ತವರ ಆಸೆ ಯಾವುದೋ ಉಳಿದಿದೆ ಎಂದು ಲೆಕ್ಕ. ಅದು ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಗನಾದವನು ಗಟ್ಟಿಯಾಗಿ ಹೇಳಬೇಕು.

"ಅಪ್ಪಯ್ಯಾ, ಆಯಿನ ಚೆನಾಗಿ ನೋಡ್ಕತ್ತೆ," ಎಂದು ತಾಯಿಯ ಮಾತೆತ್ತಿದ ಮಗ ಕಿಶೋರ, ಒದ್ದೆ ಪಂಚೆಯಲ್ಲಿ ನಡುಗುತ್ತ. ಒಂದು ಎಲೆಯೂ ಅಲುಗಲಿಲ್ಲ.

"ಎಮ್ಮೆ ಮಾರ್ತ್ನಿಲ್ಲೆ ಹೇಳು," ಎಂದು ಪಕ್ಕದ ಮನೆಯ ಶೈಲಕ್ಕ ಹಿಂದಿನಿಂದ ಹೇಳಿಕೊಟ್ಟರು. ಶೈಲಕ್ಕ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಯಾರ ಮನೆಯ ಕಾರ್ಯವಾದರೂ ಉತ್ತರ ಹೇಳಿಕೊಡುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಕಿಶೋರ ಎಮ್ಮೆಯ ಮಾತನ್ನೂ ಹೇಳಿದ. ಏನೂ ಆಗಲಿಲ್ಲ.

ಅಲ್ಲಿ ಸೇರಿದವರಲ್ಲೆಲ್ಲ ಅತಿ ದೊಡ್ಡ ಸಂಕಟದಲ್ಲಿದ್ದವನು ರಘುಪತಿ. ಸುಬ್ರಾಯ ಹೆಗಡೆಯವರ ತಂಗಿಯ ಮಗ, ರಸ್ತೆಯ ಆಚೆ ಬದಿಯ ಮನೆಯವನು, ಸಿದ್ದಾಪುರದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಅವನ ಸಂಕಟಕ್ಕೂ ಮಾವನ ಸಾವಿಗೂ ಸಂಬಂಧ ಇತ್ತು, ಆದರೆ ಅದು ಕಣ್ಣೀರಿನ ಸಂಬಂಧವಲ್ಲ.

ಸುಬ್ರಾಯ ಹೆಗಡೆಯವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಪ್ರತಿ ಶನಿವಾರ ಸಂಜೆ ಜಗಲಿಯಲ್ಲಿ ಕೂತು ಪತ್ರಿಕೆಯ 'ವಾರದ ಪೇಟೆ' ಅಂಕಣವನ್ನು ಗಟ್ಟಿಯಾಗಿ ಓದುತ್ತಿದ್ದರು. ಬಂದವರೆಲ್ಲ ಕೇಳಬೇಕು. ಅಮೆರಿಕದಲ್ಲಿ ಬಡ್ಡಿ ಏರಿದರೆ ಅವರ ಜಗಲಿಯ ಚಹಾಕ್ಕೆ ಸಕ್ಕರೆ ಕಡಿಮೆಯಾಗುತ್ತಿತ್ತು. ಕೇರಿಯ ಹೆಂಗಸರೂ ಸೇರಿ ಎಲ್ಲರಿಗೂ ಶೇರು ಖಾತೆ ತೆರೆಸಿಕೊಟ್ಟವರು ಅವರೇ. ಎರಡು ವರ್ಷದ ಹಿಂದೆ ಅವರ ಮಾತು ನಂಬಿ ರಘುಪತಿ 'ಸೂರ್ಯತಾರಾ ಕೇಬಲ್ಸ್' ಎಂಬ ಕಂಪನಿಯ ಎರಡು ಸಾವಿರ ಶೇರನ್ನು ಎಂಬತ್ನಾಲ್ಕು ರೂಪಾಯಿಯಂತೆ ಕೊಂಡಿದ್ದ. ಈಗ ಅದರ ದರ ಮೂವತ್ತೊಂದು. ಆ ದರಕ್ಕೂ ಕೊಳ್ಳುವ ಗಿರಾಕಿ ಇಲ್ಲ. ಹಾಕಿದ್ದು ಮಗಳು ಸಮೃದ್ಧಿಯ ನರ್ಸಿಂಗ್ ಓದಿಗೆಂದು ಇಟ್ಟ ದುಡ್ಡು. ಬರುವ ಮಂಗಳವಾರ ಎಪ್ಪತ್ತು ಸಾವಿರ ಫೀಸು ಕಟ್ಟದಿದ್ದರೆ ಹುಡುಗಿಯ ಸೀಟು ಹೋಗುತ್ತದೆ. ಹಿಂದೆ ಹೆಂಗಸರ ನಡುವೆ ನಿಂತಿದ್ದ ಹೆಂಡತಿ ಪರಿಮಳಾಗೆ ದುಡ್ಡು ಠೇವಣಿಯಲ್ಲಿದೆ ಎಂದು ಹೇಳಿಟ್ಟಿದ್ದ.

ಅಷ್ಟರಲ್ಲಿ ಕಿಶೋರನ ಸೊಂಟದಲ್ಲಿ 'ಟಿಂಗ್' ಎಂದಿತು. ಅವನು ತೆಗೆದು ನೋಡಿದ. ಅದು ತೀರಿಕೊಂಡ ಅಪ್ಪನ ಫೋನು.

"ಇದನ್ನ ಆನು ಆಫ್ ಮಾಡಿ ಇಟ್ಟಿದ್ದಿ," ಎಂದ ಕಿಶೋರ.

ಪರದೆಯ ಮೇಲೆ ಪೇಟೆಯ ಸೂಚ್ಯಂಕ ಬೆಳಗುತ್ತಿತ್ತು. ಎಲ್ಲರೂ ಒಂದು ಹೆಜ್ಜೆ ಹತ್ತಿರ ಸರಿದರು, ಫೋನಿಗಲ್ಲ, ಒಬ್ಬರಿಗೊಬ್ಬರು.

"ಎಂತ ಆಸೆ ಹೇಳಿ ಗೊತ್ತಾತು!" ಎಂದರು ಶೈಲಕ್ಕ. "ಹೋದ ಶನಿವಾರದ ಪೇಟೆ ಸುದ್ದಿ ಓದಲೆ ಸಿಕ್ಕಿದ್ದಿಲ್ಲೆ ಅವಕ್ಕೆ. ಇಷ್ಟು ವರ್ಷದಲ್ಲಿ ಒಂದು ವಾರನೂ ತಪ್ಪಿದ್ದಿಲ್ಲೆ. ಅದನ್ನ ಓದಿ ಹೇಳಕ್ಕು."

ಎಲ್ಲರೂ ಕಾರ್ಯ ಮಾಡಿಸುತ್ತಿದ್ದ ಭಟ್ಟರ ಮುಖ ನೋಡಿದರು. ಭಟ್ಟರಿಗೂ ಹಸಿವಾಗಿತ್ತು. "ಓದಲಾಗ ಹೇಳಿ ಶಾಸ್ತ್ರದಲ್ಲಿ ಎಲ್ಲೂ ಇಲ್ಲೆ," ಎಂದು ಒಪ್ಪಿಗೆ ಕೊಟ್ಟರು.

ಪತ್ರಿಕೆ ಬಂತು. ಶನಿವಾರಗಳಲ್ಲಿ ಮಾವನ ಪಕ್ಕದಲ್ಲೇ ಕೂರುತ್ತಿದ್ದವನು ರಘುಪತಿಯಾದ್ದರಿಂದ ಓದುವ ಕೆಲಸ ಅವನ ತಲೆಗೆ ಬಿತ್ತು. ಪಿಂಡದ ಎದುರು ನಿಂತು ಶುರುಮಾಡಿದ. "ವಾರದ ಪೇಟೆ. ವಿದೇಶಿ ಹೂಡಿಕೆದಾರರು ಈ ವಾರವೂ ಮಾರಾಟಕ್ಕೇ ಒಲವು ತೋರಿದ್ದು..."

ವಿದೇಶಿ ಹೂಡಿಕೆದಾರರು ಮುಗಿದರು. ಕಚ್ಚಾ ತೈಲ ಮುಗಿಯಿತು. ಚಿನ್ನದ ದರ ಬಂದಾಗ ಹಲಸಿನ ಮರದಲ್ಲಿ ಏನೋ ಕಪ್ಪಗೆ ಕಂಡಿತು. ಒಂದೇ ಒಂದು ಕಾಗೆ. ಹಾರಿ ಬಂದದ್ದನ್ನು ಯಾರೂ ನೋಡಿರಲಿಲ್ಲ. ಅದು ಕೂಗಲಿಲ್ಲ, ಕದಲಲಿಲ್ಲ. ಕುತ್ತಿಗೆಯನ್ನು ಎಡಕ್ಕೆ ವಾಲಿಸಿ ಕೇಳುತ್ತ ಕೂತಿತ್ತು. ಮಾವನೂ ಹಾಗೆಯೇ ವಾಲಿಸಿ ಕೂರುತ್ತಿದ್ದರೆಂಬುದು ರಘುಪತಿಗೆ ನೆನಪಾಗಿ ಓದು ನಿಂತಿತು.

"ನಿಲ್ಲಿಸಡ, ಓದು," ಎಂದು ಭಟ್ಟರು ಪಿಸುಗುಟ್ಟಿದರು.

ರೂಪಾಯಿ ಮೌಲ್ಯ ಮುಗಿಯಿತು. ಕಾಳುಮೆಣಸೂ ಮುಗಿಯಿತು. ಅಂಕಣವೇ ಮುಗಿದುಹೋಯಿತು. ಕಾಗೆ ಇನ್ನೂ ಏನನ್ನೋ ಕಾಯುವಂತೆ ಇವನನ್ನೇ ನೋಡುತ್ತಿತ್ತು.

ಆಗ ರಘುಪತಿಯ ತಲೆಯಲ್ಲಿ ಆ ಕೆಟ್ಟ ಯೋಚನೆ ಹುಟ್ಟಿತು. ಇವನು ಹೇಳಿಕೇಳಿ ಪಾಪದವನು. ಆದರೆ ಮಂಗಳವಾರ ಹತ್ತಿರ ಬಂದಾಗ ಪಾಪದವರೂ ಏನೇನೋ ಮಾಡುತ್ತಾರೆ. ಪತ್ರಿಕೆಯಲ್ಲಿ ಇಲ್ಲದ ಸಾಲೊಂದನ್ನು ಅದೇ ರಾಗದಲ್ಲಿ ಓದಿಬಿಟ್ಟ. "ತಜ್ಞರ ಆಯ್ಕೆ. ಸೂರ್ಯತಾರಾ ಕೇಬಲ್ಸ್. ಇಂದೇ ಖರೀದಿಸಿ."

ಕಾಗೆ ಕೆಳಗಿಳಿಯಿತು. ಪಿಂಡದ ಕಡೆ ಹೋಗಲಿಲ್ಲ. ಒದ್ದೆ ಹುಲ್ಲಿನ ಮೇಲೆ ನಡೆಯುತ್ತ ನೇರವಾಗಿ ರಘುಪತಿಯ ಕಾಲ ಬುಡಕ್ಕೆ ಬಂದು, ತಲೆಯೆತ್ತಿ ಅವನ ಮುಖವನ್ನು ನೋಡಿತು. ಎಷ್ಟು ಹೊತ್ತು ನೋಡಿತೋ. ಆಮೇಲೆ ಅದು ತಿರುಗಿ ಹೋಗಿ ಪಿಂಡಕ್ಕೆ ಕೊಕ್ಕು ಹಾಕಿತು.

"ಮುಟ್ತು! ಮುಟ್ತು!"

ಕಿಶೋರ ಬಂದು ರಘುಪತಿಯನ್ನು ತಬ್ಬಿಕೊಂಡು ಅತ್ತುಬಿಟ್ಟ. "ಬಾವಾ, ಕಡೆ ಸಾಲು ಓದಿದ್ದು ನೀನಲ್ಲ. ಅಪ್ಪಯ್ಯಂದೇ ದನಿ ಅದು. ಎಲ್ಲರಿಗೂ ಕೇಳಿದ್ದು."

ಎಲ್ಲರೂ ತಲೆಯಾಡಿಸಿದರು. ರಘುಪತಿ ಪತ್ರಿಕೆ ಮಡಿಸಹೊರಟ. ಶೈಲಕ್ಕ ಅವನ ಕೈಯಿಂದ ಪತ್ರಿಕೆ ಕಿತ್ತುಕೊಂಡರು.

"ಎಲ್ಲಿದ್ದು ಆ ಸಾಲು, ನೋಡ್ತೆ."

ಮುಗಿಯಿತು ನನ್ನ ಕತೆ ಎಂದುಕೊಂಡ ರಘುಪತಿ. ಶೈಲಕ್ಕ ಪತ್ರಿಕೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಆದರೆ ಅಷ್ಟು ಜನರ ಎದುರು ಓದಲಾಗಲಿಲ್ಲ ಎನ್ನುವ ಮಾಸ್ತರಣಿ ಅವರಲ್ಲ. "ಹೌದು, ಇಲ್ಲೇ ಇದ್ದು. ದಪ್ಪ ಅಕ್ಷರದಲ್ಲೇ ಹಾಕಿದ್ದ," ಎಂದು ಬೆರಳಿಟ್ಟು ತೋರಿಸಿದರು. ಭಟ್ಟರು ಬಗ್ಗಿ ನೋಡಿ ಹೌದೆಂದರು. ಮತ್ತಿಬ್ಬರು ಹೌದೆಂದರು. ಶೈಲಕ್ಕ ಕಂಡದ್ದು ನಮಗೆ ಕಾಣಲಿಲ್ಲ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಪತ್ರಿಕೆ ವಾಪಸು ಬಂದಾಗ ರಘುಪತಿ ತಾನೇ ಎರಡು ಸಲ ಹುಡುಕಿದ. ಇರಲಿಲ್ಲ. ಇಲ್ಲವೆಂದು ಖಾತ್ರಿಯಾದ ಮೇಲೆ ಅವನಿಗೆ ಭಯ ಇನ್ನಷ್ಟು ಹೆಚ್ಚಾಯಿತು.

ಊಟದ ಎಲೆ ಹಾಕುವುದನ್ನೂ ಮರೆತು ಜನ ಗುಡ್ಡದ ಬಂಡೆಯ ಕಡೆ ಓಡಿದರು. ಆ ಭಾಗದಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದು ಅಲ್ಲೇ. ಮಂಜಿನೊಳಗೆ ಹದಿನೈದಿಪ್ಪತ್ತು ಜನ ಒದ್ದೆ ಪಂಚೆಯಲ್ಲಿ ಕೈಮೇಲೆತ್ತಿ ನಿಂತದ್ದನ್ನು ದೂರದಿಂದ ಕಂಡವರು ಹೆದರುವಂತಿತ್ತು. ಉಮ್ಮಚಗಿಯ ಬೀಗರಿಗೆ ಫೋನು ಹೋಯಿತು. ಅವರಿಂದ ಯಲ್ಲಾಪುರಕ್ಕೆ ಹೋಯಿತು, ಶಿರಸಿಗೂ ಹೋಯಿತು. ಎಲ್ಲರಿಗೂ ಒಂದೇ ಸುದ್ದಿ. ಸುಬ್ರಾಯ ಹೆಗಡೆಯವರು ಹತ್ತನೇ ದಿನ ಬಂದು ಶೇರಿನ ಹೆಸರು ಹೇಳಿ ಹೋದರು.

ಹನ್ನೆರಡಕ್ಕೆ ಮೂವತ್ತೊಂದಿದ್ದ ದರ ಮೂವತ್ನಾಲ್ಕಾಯಿತು. ಒಂದು ಗಂಟೆಗೆ ಮೂವತ್ತೇಳು ರೂಪಾಯಿ ಇಪ್ಪತ್ತು ಪೈಸೆಗೆ ಹೋಗಿ ನಿಂತಿತು. ಒಂದು ದಿನದಲ್ಲಿ ಅದಕ್ಕಿಂತ ಮೇಲೆ ಏರಲು ಪೇಟೆಯವರು ಬಿಡುವುದಿಲ್ಲ. ಈಗ ಕೊಳ್ಳುವವರ ಸಾಲೇ ಇತ್ತು, ಮಾರುವವನು ಒಬ್ಬನೂ ಇರಲಿಲ್ಲ.

ಮಾರುವವನು ಬಂಡೆಯ ಮೇಲೆಯೇ ಇದ್ದ, ಆದರೆ ಫೋನು ಹೊರತೆಗೆಯಲು ಜನ ಬಿಡಬೇಕಲ್ಲ. "ಎಷ್ಟು ತಗಳ್ಲಿ ಹೆಗಡೇರೆ?" ಎಂದು ಮೇಲಿನ ಕೇರಿಯ ಕೆರಿಯ ಎಂಬವನು ರಘುಪತಿಯನ್ನು ಒಂದು ಕಡೆಯಿಂದ ಹಿಡಿದುಕೊಂಡ. ಹೋದ ವಾರವಷ್ಟೇ ಭತ್ತ ಮಾರಿದವನು. "ನೀವ್ ಹೇಳ್ದಷ್ಟು ಹಾಕ್ತೆ."

"ಬ್ಯಾಡ ಮಾರಾಯ, ಗಡಿಬಿಡಿ ಮಾಡಡ," ಎಂದ ರಘುಪತಿ. ಅದಂತೂ ಹೃದಯದಿಂದಲೇ ಬಂದ ಮಾತು.

"ಕಂಡ್ರಾ? ತಾವು ತಗಳ್ಳುವರಿಗೂ ನಮ್ಗೆ ಬ್ಯಾಡ ಅಂತಾರೆ," ಎಂದು ಕೆರಿಯ ಎಲ್ಲರಿಗೂ ಕೇಳುವಂತೆ ನಕ್ಕು, ಇನ್ನೂರು ಶೇರು ಹೆಚ್ಚಿಗೆ ಒತ್ತಿದ. ಭಟ್ಟರು ದಕ್ಷಿಣೆಯನ್ನು ಶೇರಿನಲ್ಲೇ ಕೊಡಬಹುದೇ ಎಂದು ಕಿಶೋರನನ್ನು ವಿಚಾರಿಸುತ್ತಿದ್ದರು.

ಮನೆಯ ವೈಫೈಗೆ ಹೋದರೆ ಪರಿಮಳಾ ಕಂಡಾಳೆಂದು ರಘುಪತಿ ಬಹಿರ್ದೆಸೆಯ ನೆಪ ಹೇಳಿ ಗುಡ್ಡದ ಆಚೆ ಬದಿಗೆ ಇಳಿದ. ನೆಟ್‌ವರ್ಕಿನ ಗೆರೆ ಒಂದೊಂದೇ ಸತ್ತವು. ಇನ್ನೂ ಸ್ವಲ್ಪ ಇಳಿದಾಗ ಎರಡು ಗೆರೆ ತಟ್ಟನೆ ಮೂಡಿದವು. ಸುತ್ತ ನೋಡಿದರೆ ಅವನು ನಿಂತದ್ದು ಸುಬ್ರಾಯ ಮಾವನನ್ನು ಸುಟ್ಟ ಜಾಗದಲ್ಲಿ.

ಬೂದಿ ತೆಗೆದ ನೆಲ ಕಪ್ಪಗಿತ್ತು. ಪಕ್ಕದ ಕಲ್ಲಿನ ಮೇಲೆ ಕಾಗೆ ಕೂತಿತ್ತು. ಅದೇ ಕಾಗೆಯೋ ಬೇರೆಯದೋ ಗೊತ್ತಿಲ್ಲ, ಕುತ್ತಿಗೆ ಮಾತ್ರ ಎಡಕ್ಕೆ ವಾಲಿತ್ತು.

"ತಪ್ಪಾತು ಮಾವಾ," ಎಂದ ರಘುಪತಿ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. "ಕೂಸಿನ ಫೀಸಿಗೆ ಬೇಕು. ಯಂಗೆ ಬೇರೆ ದಾರಿ ಇಲ್ಲೆ."

ಫೋನಿನಲ್ಲಿ ಗಂಟೆ ಒಂದೂ ನಲವತ್ತು. ಎರಡು ಸಾವಿರ ಶೇರು, ಮಾರಾಟ, ಎಂದು ಒತ್ತಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಷ್ಟೂ ಹೋಯಿತು. ಎಪ್ಪತ್ನಾಲ್ಕು ಸಾವಿರದ ನಾಲ್ಕು ನೂರು. ಆಗ ಕಾಗೆ ಆ ದಿನದ ಮೊದಲ ಸಲ ಕೂಗಿತು. ಒಂದೇ ಕೂಗು, ಯಾರೋ ನಕ್ಕಂತೆ. ರಘುಪತಿ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಗುಡ್ಡ ಹತ್ತಿದ.

ಸಂಜೆ ಮನೆಗೆ ಬರುವ ಹೊತ್ತಿಗೆ ಹೆದರಿಕೆ ಇಳಿದು ಹಗುರಾಗಿತ್ತು. ಬಂಡೆಯ ಮೇಲಿದ್ದವರಲ್ಲಿ ಕೆರಿಯನೂ ಸೇರಿ ಹೆಚ್ಚಿನವರಿಗೆ ಒಂದು ಶೇರೂ ಸಿಕ್ಕಿರಲಿಲ್ಲ, ಸಾಲಿನಲ್ಲಿ ನಿಂತೇ ಪೇಟೆ ಮುಚ್ಚಿತ್ತು. ಹಾಗಾಗಿ ಊರಿಗೆ ಮೋಸ ಮಾಡಿದ ಪಾಪವೂ ತಟ್ಟಲಿಲ್ಲ. ಸೋಮವಾರ ದುಡ್ಡು ಕೈಗೆ ಬರುತ್ತದೆ, ಮಂಗಳವಾರ ಫೀಸು. ನಾಲ್ಕು ತಿಂಗಳಲ್ಲಿ ಅವನು ಮೊದಲ ಸಲ ಶಿಳ್ಳೆ ಹಾಕಿದ.

ಪರಿಮಳಾ ಬಾಗಿಲಲ್ಲೇ ನಿಂತಿದ್ದಳು. ಮುಖ ವಿಚಿತ್ರವಾಗಿತ್ತು. "ಇಲ್ಲಿ ಕೂತ್ಕಳಿ. ಒಂದು ಮಾತು ಹೇಳವು," ಎಂದಳು. "ನಿಂಗ ಕೂಸಿನ ದುಡ್ಡು ಆ ಕೇಬಲ್ ಕಂಪನಿಯಲ್ಲಿ ಮುಳುಗ್ಸಿದ್ದು ಯಂಗೆ ಗೊತ್ತಿದ್ದು. ಮಾವನೇ ಸಾಯೂ ಮೊದ್ಲು ಹೇಳಿದಿದ್ದ."

ರಘುಪತಿ ಅಲ್ಲೇ ಕೂತುಬಿಟ್ಟ. "ಮತ್ತೆ... ನೀ ಎಂತಕ್ಕೆ ಕೇಳಿದ್ದಿಲ್ಲೆ?"

"ಕೇಳಿದ್ರೆ ದುಡ್ಡು ಬತ್ತಿತ್ತಾ? ಅದ್ಕೇ ಆನು ಹಪ್ಪಳ ಮಾರಿದ್ದು ಕೂಡಿಟ್ಟಿದ್ದಿ. ಎಪ್ಪತ್ತೈದು ಸಾವಿರ ಆಗಿತ್ತು. ಮಂಗಳವಾರ ಸುಮ್ಮನೆ ಕಟ್ಟಿಬುಡನ ಹೇಳಿ ಮಾಡಿದ್ದಿ."

ಅವನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ನಾಚಿಕೆಯಿಂದಲೂ ಪ್ರೀತಿಯಿಂದಲೂ ಕಣ್ಣು ಮಂಜಾದವು. ಫೀಸೂ ಆಯಿತು, ಮೇಲೆ ಎಪ್ಪತ್ನಾಲ್ಕು ಸಾವಿರವೂ ಉಳಿಯಿತು! ತಾನು ಮಾರಿದ್ದನ್ನು ಹೇಳಿಬಿಡಲು ಬಾಯಿ ತೆರೆದ.

"ಆದ್ರೆ ಇವತ್ತು ಮಾವನ ದನಿ ಕೇಳಿದ ಮೇಲೆ ಯಂಗೆ ತಡೆಯಲೆ ಆಜಿಲ್ಲೆ," ಎಂದಳು ಪರಿಮಳಾ. "ಕಾಗೆ ಮುಟ್ಟಿದ್ದೇ ಸೀದಾ ಮನೆಗೆ ಬಂದಿ. ಇಲ್ಲಿ ವೈಫೈ ಇದ್ದಲಿ, ದರ ಮೂವತ್ತೇಳು ಇಪ್ಪತ್ತಕ್ಕೆ ಹೋಗಿ ನಿಂತಿದ್ದೇ ಎಲ್ಲರಿಗಿಂತ ಮೊದ್ಲು ಆರ್ಡರ್ ಹಾಕಿದಿ. ಪೂರಾ ದುಡ್ಡು. ನಿಮ್ಮದು ಎರಡು ಸಾವಿರ, ನಂದು ಎರಡು ಸಾವಿರ, ಒಟ್ಟು ನಾಲ್ಕು ಸಾವಿರ ಶೇರು. ಮಾವ ಹೇಳಿದ ಮೇಲೆ ನೂರು ದಾಟೂವರಿಗೆ ಒಂದನ್ನೂ ಮಾರಲೆ ಬಿಡ್ತ್ನಿಲ್ಲೆ."

ರಘುಪತಿ ತನ್ನ ಫೋನನ್ನು ಪಂಚೆಯ ಮಡಿಕೆಯೊಳಗೆ ಸರಿಸಿದ.

"ಮೊದ್ಲು ಒಂದೂ ಸಿಕ್ತಾ ಇತ್ತಿಲ್ಲೆ," ಎಂದಳು ಅವಳು, ಅವನ ಪಕ್ಕದಲ್ಲಿ ಕೂರುತ್ತ. "ಗಂಟೆ ಒಂದೂ ನಲವತ್ತಕ್ಕೆ ನೋಡಿ, ಯಾವನೋ ಮಳ್ಳ ಎರಡು ಸಾವಿರನೂ ಒಂದೇ ಸಲ ಮಾರ್ದ. ಅಷ್ಟೂ ಯಂಗೇ ಬಂತು. ಅಂವನ ಹೆಂಡತಿ ಗತಿ ಎಂತೇನ, ಪಾಪ."