ಮಾಮಾನ ವ್ಯಾಕರಣ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಕೆಲಸವನ್ನೂ ಮಾಡಿದವರಲ್ಲ! ಸೋಮಾರಿ ಎಂದುಕೊಳ್ಳಬೇಡಿ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹತ್ತಿ ತೂಗಿಸುತ್ತಿದ್ದರು. ಆದರೆ ಅವರ ಬಾಯಲ್ಲಿ ‘ಮಾಡಿದೆ’ ಎಂಬ ಮಾತೇ ಇರಲಿಲ್ಲ. ಎಲ್ಲವೂ ತಾನಾಗಿಯೇ ‘ಆತು’. ಮದುವಿ ಆತು. ಮಕ್ಕಳಾದವು. ಛತ್ರಿ ಬಸ್ಸಿನಾಗ ಉಳೀತು. ಮಾಮಾ ಬಿಟ್ಟು ಬಂದದ್ದಲ್ಲ, ಛತ್ರಿಗೇ ಇಳಿಯಲು ಮನಸ್ಸಾಗಲಿಲ್ಲ!

ಒಮ್ಮೆ ದೇವದುರ್ಗದ ನಮ್ಮ ಮನೆಗೆ ಬಂದಾಗ, ಒಲೆಯ ಮೇಲಿದ್ದ ಸಾರಿಗೆ ಎರಡನೇ ಸಲ ಉಪ್ಪು ಹಾಕಿದರು.

“ಯಾರು ಹಾಕಿದ್ರೋ ಇಷ್ಟು ಉಪ್ಪು?” ಅವ್ವ ಕೇಳಿದಳು.

“ಬಿತ್ತಕ್ಕಾ.”

“ಡಬ್ಬಿ ಮುಚ್ಚಳ ತಾನ ತಕ್ಕೊಂಡು ಬಿತ್ತೇನು?”

ಮಾಮಾ ಡಬ್ಬಿಯನ್ನು ಅನುಮಾನದಿಂದ ನೋಡಿದರು.

ಅವರಿಗೆ ಇಬ್ಬರು ಅಕ್ಕಂದಿರು. ದೇವದುರ್ಗದಲ್ಲಿ ನನ್ನವ್ವ, ಮಾನ್ವಿಯಲ್ಲಿ ದೊಡ್ಡವ್ವ. ಹಬ್ಬಕ್ಕೆ ಯಾರ ಮನೆಗೆ ಹೋಗಬೇಕು? ಒಬ್ಬಳಲ್ಲಿಗೆ ಹೋದರೆ ಇನ್ನೊಬ್ಬಳ ಮುಖ ಊದುತ್ತದೆ. ಮಾಮಾ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಎರಡೂರಿನ ಬಸ್ಸುಗಳಲ್ಲಿ ಯಾವುದು ಮೊದಲು ಬರುತ್ತದೋ ಅದನ್ನು ಹತ್ತುತ್ತಿದ್ದರು. “ಬಸ್ಸು ಕರಕೊಂಡು ಬಂತಕ್ಕಾ!” ಅಂದರೆ ಜಗಳವೇನಿದ್ದರೂ ಡ್ರೈವರನ ಜೊತೆ! ದೊಡ್ಡವ್ವನ ಮಗನ ಲಗ್ನದ ದಿನವೂ ಹೀಗೇ ನಮ್ಮ ಮನೆಗೆ ಬಂದಿಳಿದರು. ಮನೆಗೆ ಬೀಗ. ನಾವೆಲ್ಲ ಮಾನ್ವಿಯಲ್ಲಿ ಅಕ್ಷತೆ ಹಾಕುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆ. ಮಾನ್ವಿಯ ಅಕ್ಕಿ ಗಿರಣಿಯವರ ಮನೆಯಿಂದ ನನಗೊಂದು ಸಂಬಂಧ ಬಂತು, ತಂದವಳು ದೊಡ್ಡವ್ವ. ಅದೇ ವಾರ ಶಿಕ್ಷಕಿ ತರಬೇತಿಗೆ ಸೀಟು ಸಿಕ್ಕ ಕಾಗದವೂ ಬಂತು. ಅಪ್ಪ ಕಾಗದವನ್ನು ದೇವರ ಗೂಡಿಗೆ ಸೇರಿಸಿ, ನಮ್ಮಲ್ಲಿಗೆ ಬಂದಿದ್ದ ಮಾಮಾನಿಗೆ ಹೇಳಿದರು: “ನಾಳಿ ಮಾನ್ವಿಗೆ ಹೋಗಿ ಹೂಂ ಅಂತ ಹೇಳಿ ಬಾ.”

ಯಾರೂ ಇಲ್ಲದಾಗ ನಾನು ಅವರ ಹತ್ತಿರ ಹೋದೆ. “ಮಾಮಾ, ನಾ ಓದಬೇಕು.”

“ನೋಡೂಣಬೇ, ಏನಾಕ್ಕದೋ,” ಎಂದರು.

ಮುಗಿಯಿತು! ಉಪ್ಪಿನ ಡಬ್ಬಿಯ ಮೇಲೆ ತಪ್ಪು ಹೊರಿಸುವವರ ಕೈಯಲ್ಲಿ ನನ್ನ ಬದುಕು!

ಮಾರನೆಯ ಸಂಜೆ ಮರಳಿದರು. ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ದೇವದುರ್ಗದ ಬೇಸಿಗೆಯಲ್ಲಿ ಎಲ್ಲಿಯ ಮಳೆ? ನೆನಪು ಇಂಥ ಸಿಂಗಾರ ಮಾಡಿಕೊಂಡೇ ಬರುತ್ತದೆ, ನಂಬಬೇಡಿ. ಮಾಮಾ ಆಡಿದ ಮಾತನ್ನು ಮಾತ್ರ ನಂಬಿ.

“ಏನಾತು?” ಅಪ್ಪ ಕೇಳಿದರು.

“ಏನೂ ಆಗಿಲ್ರೀ ಭಾವಾ. ನಾ ಬ್ಯಾಡ ಅಂದೆ. ಹುಡುಗಿ ಓದ್ತಾಳ ಅಂದೆ.”

ಅಪ್ಪನ ಕೈಯ ಚಹಾ ಬಾಯಿಗೆ ಹೋಗದೆ ನಿಂತಿತು. “ಯಾರು ಹೇಳಿದ್ರಲೇ ನಿನಗ ಹಂಗ ಅನ್ನಂತ?”

ತಮ್ಮನನ್ನು ಉಳಿಸಲು ಅವ್ವ ಅವರದೇ ವ್ಯಾಕರಣವನ್ನು ಎತ್ತಿಕೊಟ್ಟಳು. “ಬಾಯಿ ತಪ್ಪಿ ಬಂತೇನೋ ತಮ್ಮಾ? ಹೌದನ್ನು!”

“ಬಾಯಿ ತಪ್ಪಿಲ್ಲಕ್ಕಾ. ನಾನಽ ಅಂದೆ.”

ಅಪ್ಪ ವರ್ಷಗಟ್ಟಲೆ ಅವರೊಡನೆ ಮಾತು ಬಿಟ್ಟರು, ಮನೆಗೆ ಬರಬೇಡ ಎಂದರು. ಮಾನ್ವಿಯ ದೊಡ್ಡವ್ವನೂ ಬಾಗಿಲು ಹಾಕಿಕೊಂಡಳು. ಆಮೇಲೆ ಹಬ್ಬಗಳು ಬಂದವು, ಬಸ್‌ಸ್ಟ್ಯಾಂಡಿಗೆ ಎರಡೂ ಬಸ್ಸುಗಳು ಬಂದವು. ಯಾವುದು ಮೊದಲು ಬಂದರೂ ಮಾಮಾ ಹತ್ತುವಂತಿರಲಿಲ್ಲ.

ಮುರಿದ ಸಂಬಂಧ ಮತ್ತೆ ಕೂಡಲಿಲ್ಲ, ದೇವರ ಗೂಡಿನ ಕಾಗದ ಹೊರಗೆ ಬಂತು. ನಾನು ಮಾತ್ರ ಓದಿದೆ. ರಾಯಚೂರಿನಲ್ಲೇ ಶಾಲೆಯ ನೌಕರಿ ಸಿಕ್ಕ ದಿನ ಪೇಢೆ ಹಿಡಿದು ಗಂಜ್ ಮಾರುಕಟ್ಟೆಗೆ ಓಡಿದೆ.

“ಮಾಮಾ, ಇದು ನೀ ಮಾಡಿದ್ದು!”

ಅವರು ತಕ್ಕಡಿಯಿಂದ ಕಣ್ಣೆತ್ತದೆ ಪೇಢೆಯನ್ನು ಬಾಯಿಗೆ ಹಾಕಿಕೊಂಡರು.

“ನಾ ಎಲ್ಲಿ ಮಾಡಿದ್ನೆ ಹುಚ್ಚವ್ವಾ? ಆತು.”