ಬಲಕ್ಕೆ ಹೂ ಕೊಟ್ಟ ಪುಸ್ತಕ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ವಿವರಿಸುವ ಚಟ. ಕೊರಟಗೆರೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿ ಅದು ಅಂಟಿಕೊಂಡಿತೋ, ಅದು ಇದ್ದದ್ದರಿಂದಲೇ ಪಾಠಕ್ಕೆ ಬಿದ್ದೆನೋ ತಿಳಿಯದು. ಒಮ್ಮೆ ಹೆಂಡತಿಯ ಕಡೆಯ ನೆಂಟರನ್ನು ಚನ್ನರಾಯನದುರ್ಗಕ್ಕೆ ಕರೆದುಕೊಂಡು ಹೋಗಿ, ಕೋಟೆಯ ಮೊದಲ ಬಾಗಿಲಲ್ಲೇ ನಿಂತು ವಿವರಿಸಿದ್ದೇ ವಿವರಿಸಿದ್ದು. ಎರಡನೆಯ ಬಾಗಿಲು ತಲುಪುವಷ್ಟರಲ್ಲಿ ಕಟ್ಟಿಕೊಂಡು ಹೋಗಿದ್ದ ಬುತ್ತಿ ಹಳಸಿತ್ತು. ಆ ನೆಂಟರು ಈಗಲೂ ಮದುವೆ ಮನೆಗಳಲ್ಲಿ ನನ್ನಿಂದ ಎರಡು ಪಂಕ್ತಿ ಆಚೆ ಕೂರುತ್ತಾರೆ. ಈ ಚಟದಿಂದ ಮಾನ ಹೋಗುವುದಾದರೆ ಹೊರಗೆ ಹೋಗುತ್ತದೆ, ಮನೆಯಲ್ಲಿ ಭಯವಿಲ್ಲ ಎಂದುಕೊಂಡಿದ್ದೆ. ಅದೂ ಸುಳ್ಳಾಯಿತು.

ಏಷ್ಯಾದ ಕಲೆ, ಯಾತ್ರೆ, ವ್ಯಾಪಾರ, ಧರ್ಮಗಳ ಕುರಿತು ನಮ್ಮ ಕಾಲೇಜಿನಲ್ಲಿ ಒಂದು ಪುಸ್ತಕ ಪ್ರದರ್ಶನ ಇಡೋಣ ಎಂದು ಸಭೆಯಲ್ಲಿ ನಾನೇ ಬಾಯಿ ಬಿಟ್ಟಿದ್ದೆ. ಏಷ್ಯಾದಲ್ಲಿ ಪೂರ್ವ ದಿಕ್ಕಿಗೆ ನಾನು ಕಂಡ ಕಟ್ಟಕಡೆಯ ಊರು ಹಿಂದೂಪುರ, ಅದೂ ಮದುವೆಗೆ ಹೋದದ್ದು. ನಮ್ಮ ಲೈಬ್ರರಿಯಲ್ಲಿ ಈ ವಿಷಯಕ್ಕೆ ಸಿಕ್ಕಿದ್ದು ಒಂದು ಅಟ್ಲಾಸು. ಅದರಲ್ಲಿ ಚೀನಾ ಇದ್ದ ಹಾಳೆಯನ್ನು ಯಾರೋ ಹರಿದುಕೊಂಡಿದ್ದರು. ಆಗ ಕೈ ಹಿಡಿದವರು ನನಗೆ ಪಾಠ ಹೇಳಿದ್ದ ಮೇಷ್ಟ್ರು. ನಿವೃತ್ತರಾಗಿ ಮಧುಗಿರಿಯಲ್ಲಿದ್ದಾರೆ. ಎಲ್ಲೋ ನಡೆದ ದೊಡ್ಡ ಕಲಾ ಪ್ರದರ್ಶನಕ್ಕೆಂದು ಅಚ್ಚಾದ, ಎರಡು ಸೇರು ರಾಗಿಯಷ್ಟು ಭಾರದ ಪುಸ್ತಕವೊಂದು ಅವರಲ್ಲಿತ್ತು. ಅದನ್ನು ಅವರು ಯಾರಿಗೂ ಕೊಟ್ಟವರಲ್ಲ, ನನಗೆ ಕೊಟ್ಟರು. ಕೊಡುವ ಮುಂಚೆ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಒಂದು ಕಣ್ಣಿನ ಆಪರೇಷನ್ ಕೈಕೊಟ್ಟಿತ್ತು, ಇನ್ನೊಂದು ಕಣ್ಣಿನದು ಮುಂದಿನ ವಾರವಿತ್ತು. "ಮೂರ್ತೀನ ಮೂರ್ತಿ ಅಂತ ನೋಡಬೇಕು ಕಣಯ್ಯ. ಕೈ ಮುಗಿದೋನಿಗೆ ಏನೂ ಕಾಣಲ್ಲ" ಎಂದು ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದರು. ಪ್ರದರ್ಶನ ಮಂಗಳವಾರ, ಉದ್ಘಾಟನೆ ಅವರದೇ. ಅಲ್ಲಿಯವರೆಗೆ ಓದಿಕೊಂಡಿರು, ಸೋಮವಾರ ಸಂಜೆ ಮನೆಗೆ ಬಂದು ಪುಸ್ತಕ ತೆಗೆದುಕೊಂಡು ಹೋಗುತ್ತೇನೆ, ಅದನ್ನು ಹಿಡಿದೇ ಭಾಷಣ ಮಾಡುತ್ತೇನೆ ಎಂದರು.

ಪುಸ್ತಕದ ಹೊದಿಕೆಯ ಮೇಲೆ ತಂತಿವಾದ್ಯ ಹಿಡಿದು ಕೂತ ಜಪಾನಿನ ದೇವಿ. ಮನೆಗೆ ತಂದಾಗ ಅವ್ವ, ಯಾರ್ಲಾ ಈಯಮ್ಮ ಎಂದು ಕೇಳಿದಳು. ಯಾರೋ ಜಪಾನಿನವಳು ಎಂದು ಸುಮ್ಮನಾಗಬಹುದಿತ್ತು. ನಾನು ಕುರ್ಚಿ ಎಳೆದುಕೊಂಡೆ. ಈಕೆ ನಮ್ಮ ಸರಸ್ವತಿಯೇ, ಭಿಕ್ಷುಗಳ ಜೊತೆ ವ್ಯಾಪಾರಿಗಳ ದಾರಿ ಹಿಡಿದು ಚೀನಾ ದಾಟಿ ಜಪಾನು ಸೇರಿದಳು, ಅಲ್ಲಿ ಹೆಸರು ಬದಲಾಯಿತು, ಉಡುಗೆ ಬದಲಾಯಿತು, ವೀಣೆಯೂ ಬದಲಾಯಿತು ಎಂದು ಮುಕ್ಕಾಲು ಗಂಟೆ ಹೇಳಿದೆ. ಅವ್ವ ಎದ್ದು ಹೋಗದೆ ಪೂರ್ತಿ ಕೇಳಿದ್ದು ಅದೇ ಮೊದಲು. ಬೆಳಿಗ್ಗೆ ನೋಡಿದರೆ ಪುಸ್ತಕ ದೇವರ ಗೂಡಿನಲ್ಲಿ ನಿಂತಿತ್ತು. ದೇವಿಯ ಹಣೆಗೆ ಕುಂಕುಮ, ಮುಂದೆ ಎಲೆ ಅಡಿಕೆ, ಒಂದು ರವಿಕೆ ಕಣ. ಇದೇನವ್ವ ಎಂದೆ.

"ಅಷ್ಟು ದೂರ ಹೋದ ಹೆಣ್ಮಗ್ಳು ತವ್ರಿಗೆ ಬಂದವ್ಳೆ. ಒಂದು ಬೊಟ್ಟು ಕುಂಕುಮಕ್ಕೂ ಗತಿ ಇಲ್ವೇನ್ಲಾ ಈ ಮನೇಲಿ?"

ಪುಣ್ಯಕ್ಕೆ ಹೊದಿಕೆ ನುಣುಪಾದ ಪ್ಲಾಸ್ಟಿಕ್ಕಿನದು, ಕುಂಕುಮ ಒರೆಸಿದರೆ ಹೋಗುತ್ತದೆ. ಆದರೆ ಪುಸ್ತಕವನ್ನು ಗೂಡಿನಿಂದ ಇಳಿಸುವುದು ಹೇಗೆ? ಮಂಗಳವಾರ ಬೇಕು ಎಂದರೆ, ಮಂಗಳವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸುವ ಪದ್ಧತಿ ಎಲ್ಲಾದರೂ ಉಂಟೇ ಎಂದಳು. ಸರಿ, ಸೋಮವಾರವೇ ಮೇಷ್ಟ್ರು ಒಯ್ಯುತ್ತಾರೆ ಎಂದೆ. ಹಾಗಾದರೆ ಹೂ ಕೇಳಿಯೇ ಕಳಿಸುವುದು ಎಂದು ತೀರ್ಮಾನ ಹೇಳಿದಳು. ಹೂ ಕೇಳುವುದೆಂದರೆ ಒದ್ದೆ ಹೂವನ್ನು ದೇವರ ನೆತ್ತಿಯ ಮೇಲಿಟ್ಟು ಮನಸ್ಸಿನಲ್ಲೇ ಕೇಳಿಕೊಳ್ಳುವುದು. ದೇವರ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ನನ್ನ ಮದುವೆಯೂ ಹಾಗೇ ನಿಶ್ಚಯವಾದದ್ದು. ಆ ಹೂವಿನ ಬಗ್ಗೆ ನನ್ನ ಹೆಂಡತಿಗೆ ಈಗಲೂ ಅನುಮಾನವಿದೆ.

ಸೋಮವಾರ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಾಗ ನಾನು ಒಂದು ಸೇವಂತಿಗೆ ಇಟ್ಟು ಪರೀಕ್ಷೆ ಮಾಡಿದೆ. ಎಡಕ್ಕೆ ಬಿತ್ತು. ಮೂರು ಸಲವೂ ಎಡಕ್ಕೇ. ದೇವಿಯದೇನೂ ತಪ್ಪಿರಲಿಲ್ಲ, ಗೂಡಿನ ಕಲ್ಲೇ ಆ ಕಡೆಗೆ ವಾಲಿತ್ತು. ಜೇಬಿನಲ್ಲಿ ಮಧುಗಿರಿಯಿಂದ ಬಂದ ಬಸ್ಸಿನ ಟಿಕೆಟ್ಟಿತ್ತು. ಅದನ್ನು ಮಡಿಸಿ ಮಡಿಸಿ ದಪ್ಪ ಮಾಡಿ ಪುಸ್ತಕದ ಕೆಳಗೆ, ದೇವಿಯ ಎಡಗಡೆಗೆ ಸಿಕ್ಕಿಸಿದೆ. ಈಗ ಇಟ್ಟ ಹೂವೆಲ್ಲ ಬಲಕ್ಕೆ ಜಾರತೊಡಗಿತು. ಮೂಢನಂಬಿಕೆಯನ್ನು ವಿಜ್ಞಾನದಿಂದ ಗೆದ್ದೆನೆಂದು ನನಗೆ ಬಹಳ ಸಂತೋಷವಾಯಿತು.

ಅವ್ವ ಮಡಿಯಲ್ಲಿ ಬಂದು, ಹೂವಿಟ್ಟು, ಕಣ್ಣು ಮುಚ್ಚಿದಳು. ಹೂ ಸರ್ರನೆ ಬಲಕ್ಕೆ ಬಿತ್ತು. ಅವಳ ಕಣ್ಣಲ್ಲಿ ನೀರು ಬಂತು. ನಾನು ಪುಸ್ತಕಕ್ಕೆ ಕೈ ಚಾಚಿದೆ.

"ಮುಟ್ಬ್ಯಾಡ ಕಣ್ಲಾ. ಇಲ್ಲೇ ಇರೋ ಮನಸೈತೇನವ್ವಾ ಅಂತ ಕೇಳ್ದೆ. ಬಲಕ್ಕೇ ಕೊಟ್ಬುಟ್ಲು."

ಪ್ರಶ್ನೆ ಏನೆಂದು ಕೇಳದೆ ಉತ್ತರ ತಯಾರಿಸುವ ತಪ್ಪಿಗೆ ನಾನು ಎಷ್ಟೋ ಹುಡುಗರಿಗೆ ಸೊನ್ನೆ ಹಾಕಿದ್ದೇನೆ. ಆ ದಿನ ಕಾಲೇಜಿನಲ್ಲಿ ಏನು ಪಾಠ ಮಾಡಿದೆನೋ ದೇವರೇ ಬಲ್ಲ. ನನ್ನನ್ನು ನಂಬಿ ಪುಸ್ತಕ ಕೊಟ್ಟವರಿಗೆ, ಅದು ದೇವರಾಗಿದೆ ಸಾರ್, ಬರುವುದಿಲ್ಲವಂತೆ ಎಂದು ಯಾವ ಮುಖದಲ್ಲಿ ಹೇಳುವುದು?

ಸಂಜೆ ಮೇಷ್ಟ್ರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎಲ್ಲವನ್ನೂ ಹೇಳಿ, ಕರ್ಕೊಂಡೋಗ್ಲಾ ಅಂತ ನೀವೇ ಒಂದ್ಸಲ ಕೇಳ್ನೋಡಿ ಸ್ವಾಮಿ, ನಿಮ್ಗೂ ಬಲಕ್ಕೆ ಕೊಟ್ರೆ ನಾನು ಅಡ್ಡ ಬರಾಕಿಲ್ಲ ಎಂದಳು. ಮೇಷ್ಟ್ರು ಸಿಡುಕುತ್ತಾರೆಂದು ನಾನು ಗೋಡೆ ನೋಡುತ್ತಾ ನಿಂತೆ. ಅವರು ಕೈಕಾಲು ತೊಳೆದು ಬಂದರು. ತಡವಿಕೊಂಡು ಹೂವಿಟ್ಟರು. ಕೈ ಮುಗಿದು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಹೂ ಯಾವಾಗಲೋ ಬಲಕ್ಕೆ ಬಿದ್ದಾಗಿತ್ತು, ಅವರಿಗೆ ಕಂಡಿರಲಿಲ್ಲ. ಬಲಕ್ಕೆ ಸಾರ್ ಎಂದು ನಾನೇ ಹೇಳಬೇಕಾಯಿತು. ಅವ್ವ ಪುಸ್ತಕಕ್ಕೆ ಮಡಿಲಕ್ಕಿ ಕೊಟ್ಟು, ಹುಷಾರಾಗಿ ಹೋಗ್ಬಾರವ್ವ ಎಂದು ಬಾಗಿಲವರೆಗೂ ಬಂದು ಕಳಿಸಿದಳು. ಟಿಕೆಟ್ಟನ್ನು ನಾನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

ಮಂಗಳವಾರ ಮೇಷ್ಟ್ರು ಅದೇ ಪುಸ್ತಕ ಹಿಡಿದು, ಮೂರ್ತಿಯನ್ನು ಮೂರ್ತಿಯೆಂದೇ ನೋಡಬೇಕು ಎಂದು ಅರ್ಧ ಗಂಟೆ ಚೆನ್ನಾಗಿ ಮಾತಾಡಿದರು. ಮಡಿಲಕ್ಕಿಯ ನಾಲ್ಕು ಕಾಳು ಹಾಳೆಗಳ ನಡುವಿನಿಂದ ಮೇಜಿನ ಮೇಲೆ ಉದುರಿದವು. ಇಳಿದು ಬಂದವರು ನನ್ನನ್ನು ಪಕ್ಕಕ್ಕೆ ಕರೆದರು.

"ನಾನು ನಿನ್ನೆ ಕೇಳಿದ್ದು ಪುಸ್ತಕದ ಮಾತಲ್ಲ ಕಣಯ್ಯ. ಈ ಕಣ್ಣಾದರೂ ಉಳೀತದಾ ಅಂತ ಕೇಳಿದೆ. ಬಲಕ್ಕೆ ಬಿತ್ತು ಅಂದೆಯಲ್ಲ, ನೀನು ಸರಿಯಾಗಿ ನೋಡಿದೆ ತಾನೆ?"

ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ವಿಷಯ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಗೂಡಿನ ಕಲ್ಲು ವಾಲಿದ್ದು, ಟಿಕೆಟ್ಟಿನ ಮಡಿಕೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ನೋಡಿದೆ ಸಾರ್, ಬಲಕ್ಕೇ ಬಿತ್ತು ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ.

ಅವರ ಆಪರೇಷನ್ ದಿನ ಬೆಳಿಗ್ಗೆ ನನಗೆ ಕಾಫಿ ಸೇರಲಿಲ್ಲ. ಯಾರೂ ಇಲ್ಲದ್ದನ್ನು ನೋಡಿ ಆ ಟಿಕೆಟ್ಟನ್ನು ತೆಗೆದು ದೇವರ ಗೂಡಿನಲ್ಲಿಟ್ಟೆ. ಇಟ್ಟ ಮೇಲೆ ಕೈ ಮುಗಿಯದೆ ಬರುವುದು ಸರಿಯೆನಿಸಲಿಲ್ಲ. ಕಣ್ಣು ಬಿಟ್ಟರೆ ಅವ್ವ ಪಕ್ಕದಲ್ಲಿ ನಿಂತಿದ್ದಳು. ಇದ್ಯಾವ ದೇವ್ರುಲಾ ಎಂದಳು. ಬಸ್ ಟಿಕೆಟ್ಟು ಎಂದೆ. ಅವಳು ಮತ್ತೇನೂ ಕೇಳದೆ ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಳು. ನಾನು ಬೇಡ ಎನ್ನಲಿಲ್ಲ.