ಕಪ್ಪೆ ದಿಬ್ಬಣದ ಫೋಟೊಗ್ರಾಫರ್

ಹಿಂಡುಹಿಂಡಾಗಿ ನದಿ ದಾಟುವ ಪ್ರಾಣಿಗಳ ಫೋಟೊ ತೆಗೆಯಲು ಆಫ್ರಿಕಾಕ್ಕೆ ಹೋದವರಿಗೆ ಮೊಸಳೆಯ ಕಾಟವಂತೆ. ನಾನು ಜರ್ಮನಿ ಬಿಟ್ಟು ಹೋದವನಲ್ಲ. ನನಗೆ ಬಂದ ಕಾಟವೆಲ್ಲ ಎರಡು ಕಾಲಿನದ್ದೇ.

೧. ಬಕೆಟ್

ಕೆಲಸದ ಪರವಾನಗಿ ಬ್ಲೂ ಕಾರ್ಡ್ ಹಿಡಿದು ಹರ್ಟ್ಸೋಗೆನಾವ್‌ರಾಕ್ ಎಂಬ ಊರಿಗೆ ಬಂದ ಹೊಸತು. ಅಲ್ಲಿ ಮಾರ್ಚಿನ ಮೊದಲ ಮಳೆಗೆ ಕಾಡಿನ ನೆಲಗಪ್ಪೆಗಳೆಲ್ಲ ಮೊಟ್ಟೆಯಿಡಲು ಕೆರೆಯ ಕಡೆ ಹೊರಡುತ್ತವೆ. ನಡುವೆ ಡಾಂಬರು ರಸ್ತೆ. ಕಾರಿನಡಿ ಸಾಯದಿರಲೆಂದು ಊರವರು ರಸ್ತೆಯಂಚಿಗೆ ಗಿಡ್ಡ ಬೇಲಿ ಕಟ್ಟಿ, ಕಪ್ಪೆಗಳನ್ನು ಬಕೆಟ್ಟಿನಲ್ಲಿ ಹೊತ್ತು ದಾಟಿಸುತ್ತಾರೆ. ಫೋಟೊ ಕ್ಲಬ್ಬಿನ ಪ್ರದರ್ಶನದಲ್ಲಿ ನನಗೂ ಒಂದು ಚಿತ್ರದ ಜಾಗ ಸಿಕ್ಕಿತ್ತು. ಶನಿವಾರದೊಳಗೆ ಈ ಕಪ್ಪೆಗಳ ಚಿತ್ರ ಕೊಡದಿದ್ದರೆ ಜಾಗ ಬೇರೆಯವರಿಗೆ.

ಸೋಮವಾರ ಮಳೆ ಬಂತು. ಸಂಜೆ ಟ್ರೈಪಾಡ್ ಊರಿದ್ದೇ ತಡ, ಕಪ್ಪೆ ದಾಟಿಸುವವರ ಮುಖ್ಯಸ್ಥೆ, ನಿವೃತ್ತ ಟೀಚರಮ್ಮ, ನನಗೊಂದು ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಕೈಗೆ ಬಕೆಟ್ ಕೊಟ್ಟರು. ಈ ದೇಶದಲ್ಲಿ ಜಾಕೆಟ್ ತೊಡಿಸಿದ ಮೇಲೆ ಒಲ್ಲೆ ಎನ್ನುವುದು ಕಷ್ಟ. ಕಪ್ಪೆ ಹೊತ್ತೂ ಹೊತ್ತೂ ಬೆಳಕೇ ಹೋಯಿತು. ಹೊರಡುವಾಗ ಟೀಚರಮ್ಮ ಬೆನ್ನು ತಟ್ಟಿ, ನಾಳೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬನ್ನಿ, ಎರಡು ಬಕೆಟ್ ಹಿಡಿಯಬಹುದು ಎಂದರು.

೨. ಜ್ವರ

ಮರುದಿನ ಆಫೀಸಿನ ಮೈಸೂರು ಗೆಳೆಯನನ್ನು ಕರೆದೊಯ್ದೆ. ಬಕೆಟ್ ಅವನಿಗೆ, ಕ್ಯಾಮೆರಾ ನನಗೆ. ಬೆಳಿಗ್ಗೆಯಷ್ಟೇ ಅವನು ಜ್ವರವೆಂದು ರಜೆ ಹಾಕಿದ್ದ. ಜಿನುಗು ಮಳೆಗೆ ಕಪ್ಪೆಗಳು ಸಾಲಾಗಿ ಬಂದವು. ನಾನು ಉಸಿರು ಬಿಗಿಹಿಡಿದು ಫೋಕಸ್ ಮಾಡುತ್ತಿದ್ದೆ, ಅವನು ಕಾರುಗಳನ್ನು ತಡೆಯಲು ಕೈಚಾಚಿ ನಿಂತಿದ್ದ. ನಿಂತ ಕಾರು ನಮ್ಮ ಮ್ಯಾನೇಜರದ್ದು.

"ಗುರು, ಸತ್ತೆ" ಎಂದು ಓಡಿಬಂದು ನನ್ನ ಹಿಂದೆ ಅಡಗಿದ. ಟ್ರೈಪಾಡ್ ಉರುಳಿತು, ಕಪ್ಪೆಗಳು ದಿಕ್ಕಾಪಾಲಾದವು. ಮ್ಯಾನೇಜರು ಗಾಜಿಳಿಸಿ, ಒಂದಿಷ್ಟೂ ನಗದೆ, ಬೇಗ ಗುಣವಾಗಲಿ ಎಂದು ಹಾರೈಸಿ ಹೋದರು. ಆಮೇಲೆ ಅವನಿಗೆ ನಿಜವಾಗಿಯೂ ಜ್ವರ ಬಂತು.

೩. ಮದುವೆ

ಅಲ್ಲಿಂದ ಮುಂದೆ ಒಣಹವೆ. ಶುಕ್ರವಾರವಾದರೂ ಹನಿಯಿಲ್ಲ, ಒಂದೆರಡು ಬಿಟ್ಟರೆ ಕಪ್ಪೆಯೂ ಇಲ್ಲ. ನನಗೆ ಅನ್ನ ಇಳಿಯಲಿಲ್ಲ. ಮಗಳನ್ನು ನೋಡಲು ಉಡುಪಿಯಿಂದ ಬಂದಿದ್ದ ಅತ್ತೆ ಇದನ್ನು ನೋಡಿ, "ಅದಕ್ಕೆಂತ ತಲೆಬಿಸಿ ಮಾರಾಯ್ರೆ? ಮಳೆ ಬೇಕಾದ್ರೆ ಕಪ್ಪೆಗೆ ಮದುವೆ ಮಾಡಿಸಿದ್ರಾಯ್ತು" ಎಂದು ಕುಂಕುಮದ ಡಬ್ಬಿ ಹಿಡಿದು ಹೊರಟೇಬಿಟ್ಟರು.

ಟೀಚರಮ್ಮ ತಡೆದರು. ಇವು ಸಂರಕ್ಷಿತ ಜೀವಿಗಳು, ಬಣ್ಣ ಹಚ್ಚುವಂತಿಲ್ಲ ಎಂದರು. ಮದುವೆ ಮಾಡಿಸಬೇಕಂತೆ ಎಂದು ನಾನು ಅನುವಾದಿಸಿದೆ. ಟೀಚರಮ್ಮ ಬಕೆಟ್ ಮುಂದೆ ಹಿಡಿದರು. ಹೆಣ್ಣಿನ ಬೆನ್ನೇರಿ ಗಂಡು ಗಟ್ಟಿಯಾಗಿ ಕೂತಿತ್ತು. ಕಾಡಿನಿಂದಲೇ ಹೀಗೆ ಬರುತ್ತವಂತೆ. ಅತ್ತೆ ಇಣುಕಿ, ಬಾಯಿಗೆ ಸೆರಗು ಹಿಡಿದರು.

"ಮುಹೂರ್ತಕ್ಕೂ ಕಾಯ್ಲಿಲ್ವಾ ಇವು?"

ಕುಂಕುಮ ಒಳಗಿಟ್ಟು, ದೂರದಿಂದಲೇ ಶೋಭಾನೆ ಹಾಡಿದರು. ಹಾಡು ಮುಗಿಯುವ ಮೊದಲೇ ಮಳೆ ಸುರಿಯಿತು. ಕಪ್ಪೆಗಳು ಉಕ್ಕಿ ಬಂದು, ಬೇಲಿ ಸಡಿಲವಿದ್ದ ಕಡೆಯಿಂದ ರಸ್ತೆಗೇ ನುಗ್ಗಿದವು. ಕ್ಯಾಮೆರಾ ಎತ್ತಿದೆ. ತಿರುವಿನಲ್ಲಿ ಕಾರಿನ ದೀಪ ಕಂಡಿತು. ಗುಂಡಿ ಒತ್ತುತ್ತಲೇ ಇರಿ ಎಂದು ಕ್ಯಾಮೆರಾವನ್ನು ಅತ್ತೆಯ ಕೈಗೆ ತುರುಕಿ, ಬಕೆಟ್ ಎತ್ತಿಕೊಂಡು ರಸ್ತೆಗೆ ಓಡಿದೆ.

ಪ್ರದರ್ಶನದಲ್ಲಿ ನನ್ನ ಜಾಗಕ್ಕೆ ಚಿತ್ರವಂತೂ ಬಂತು. ರಸ್ತೆ ತುಂಬ ಕಪ್ಪೆಗಳು, ಕಾರಿನ ದೀಪಕ್ಕೆ ಅಡ್ಡವಾಗಿ ಕಿತ್ತಳೆ ಜಾಕೆಟ್ಟಿನಲ್ಲಿ ಬಕೆಟ್ ಎತ್ತಿ ನಿಂತವನೊಬ್ಬನ ಬೆನ್ನು, ಕೆಳಗೆ ಅತ್ತೆಯ ಹೆಸರು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲಾರೆ. ಚಿತ್ರ ಅಷ್ಟು ಚೆನ್ನಾಗಿತ್ತು. ಕ್ಲಬ್ಬಿನ ಅಧ್ಯಕ್ಷರು ಅತ್ತೆಯ ಕೈಕುಲುಕಿ, ಜಾಕೆಟ್ ತೊಟ್ಟ ಈ ಮನುಷ್ಯ ಯಾರೆಂದು ಕೇಳಿದರು. ನಾನೇ ಅದನ್ನು ಅನುವಾದಿಸಬೇಕಾಯಿತು.

ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ. "ಗಂಡಿನ ಕಡೆಯವರು" ಎಂದರು.